ರಜಾ ಹಾಕಿದ ಗುರುವಾರ

ಹೋದ ತಿಂಗಳು ನಮ್ಮ ಅತ್ತಿಗೆಗೆ ಹೆರಿಗೆಯಾಯಿತೆಂದು ನಾನು ಹಿಂದೆ ಕೆಲಸ ಮಾಡುತ್ತಿದ್ದ ಮಂಡ್ಯದ ಆ ಆಸ್ಪತ್ರೆಗೆ ಹೋಗಿದ್ದೆ. ಲಿಫ್ಟು ಕೆಟ್ಟಿತ್ತು. ಮೆಟ್ಟಿಲು ಹತ್ತುವಾಗ ಎರಡನೇ ಮಹಡಿಯ ತಿರುವಿನಲ್ಲಿ ಫಿನಾಯಿಲಿನ ಜೊತೆಗೆ ಕಾದ ಬ್ಯಾಟರಿಯ ಹುಳಿ ವಾಸನೆ ಮೂಗಿಗೆ ಬಡಿಯಿತು. ಅಲ್ಲೇ ನಿಂತುಬಿಟ್ಟೆ. ಅದು ಯುಪಿಎಸ್ ರೂಮಿನ ವಾಸನೆ. ಆ ರೂಮಿನ ಪಕ್ಕದಲ್ಲಿ ಕೂತು ವರ್ಷಗಟ್ಟಲೆ ಮಧ್ಯಾಹ್ನದ ಬುತ್ತಿ ಉಂಡವಳು ನಾನು.

"ಯಾಕ್ ನಿಂತ್ಕಂಡೆ? ಕಾಲು ನೋವಾ?" ಅಂದರು ಹಿಂದೆ ಹಣ್ಣಿನ ಚೀಲ ಹಿಡಿದು ಬರುತ್ತಿದ್ದ ನಮ್ಮ ಯಜಮಾನರು.

"ಇಲ್ಲ, ನಡೀರಿ" ಅಂದೆ. ಅವರಿಗೆ ಆ ವಾಸನೆಯಿಂದ ಏನೂ ಆಗುವುದಿಲ್ಲ. ನನಗೆ ಇಡೀ ಒಂದು ವರ್ಷ ಎದ್ದು ಬಂತು, ಬಂದದ್ದು ಮಾತ್ರ ಒಳ್ಳೆಯ ಮುಖ ಹೊತ್ತುಕೊಂಡಲ್ಲ.

ನಾನು ಮಳವಳ್ಳಿ ಕಡೆಯ ಹಳ್ಳಿಯವಳು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ, ಆಮೇಲೆ ಕಂಪ್ಯೂಟರ್ ಡಿಪ್ಲೊಮಾ. ಮದುವೆಯಾಗಿ ಕೊತ್ತತ್ತಿಗೆ ಬಂದೆ. ಮಂಡ್ಯದ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು, ದಿನಾ ಬಸ್ಸಿನಲ್ಲಿ ಓಡಾಟ. ಆಸ್ಪತ್ರೆಯ ರಿಜಿಸ್ಟರಿನಲ್ಲಿ ನನ್ನ ಹುದ್ದೆ ಡೇಟಾ ಎಂಟ್ರಿ. ಮಾಡುತ್ತಿದ್ದದ್ದು ಬೇರೆಯೇ. ಬಿಲ್ಲಿಂಗ್ ಕೌಂಟರಿನಲ್ಲಿ ಕಂಪ್ಯೂಟರು ನಿಂತರೆ ನನ್ನನ್ನೇ ಕೂಗುವುದು, ಸವಿತಾ, ಲ್ಯಾಬಿನ ರಿಪೋರ್ಟು ಡಾಕ್ಟರ ರೂಮಿಗೆ ಹೋಗದಿದ್ದರೆ ಸವಿತಾ, ಇಲಿ ಕೇಬಲ್ ಕಡಿದರೆ ಸವಿತಾ. ಸೀರೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಏಣಿ ಹತ್ತಿ ಸೀಲಿಂಗಿನೊಳಗೆ ತಲೆ ಹಾಕಿ ಕೇಬಲ್ ಎಳೆದವಳು ನಾನು. ನೆಟ್‌ವರ್ಕಿನ ಕೆಲಸ ಪೂರ್ತಿ ನನ್ನದು, ಹೆಸರು ಮಾತ್ರ ನನ್ನದಲ್ಲ. ನಾನೂ ಕೇಳಿರಲಿಲ್ಲ. ಕೇಳುವ ಧೈರ್ಯ ಎಲ್ಲಿತ್ತು?

ಆ ವರ್ಷ ದೀಪಾವಳಿ ಕಳೆದ ಮೇಲೆ ಮ್ಯಾನೇಜರು ಕರೆದರು. ಪಕ್ಕದಲ್ಲಿ ಹೊಸ ಬ್ಲಾಕ್ ಏಳುತ್ತಿತ್ತು. ಯುಗಾದಿಗೆ ಉದ್ಘಾಟನೆ. ಅದಕ್ಕೂ ಇದಕ್ಕೂ ಸೇರಿಸಿ ಒಬ್ಬರು ನೆಟ್‌ವರ್ಕ್ ಇನ್‌ಚಾರ್ಜ್ ಬೇಕು, ಅವರಿಗೆ ನೆಟ್‌ವರ್ಕಿಂಗ್ ಸರ್ಟಿಫಿಕೇಟ್ ಇರಲೇಬೇಕು ಎಂದು ಮೇಲಿನವರು ಹೇಳಿದ್ದರಂತೆ. "ನೀವೂ ಬೇಕಾದ್ರೆ ಟ್ರೈ ಮಾಡಿ ಮೇಡಂ. ಯುಗಾದಿ ಒಳಗೆ ಪಾಸ್ ಮಾಡ್ಕೊಂಡ್ರೆ ನಿಮಗೇ. ಇಲ್ಲಾಂದ್ರೆ ಹೊರಗಿಂದ ಯಾರನ್ನಾದ್ರೂ ತಗೋತಾರೆ" ಅಂದರು. ಊಟ ಮುಗಿಸಿ ಕೈ ತೊಳೆದವರನ್ನು ಬನ್ನಿ ಊಟಕ್ಕೆ ಅಂತೀವಲ್ಲ, ಆ ದನಿಯಲ್ಲಿ.

ನನಗೆ ಮೊದಲು ಬಂದದ್ದು ಆಸೆಯಲ್ಲ, ನಾಚಿಕೆ. ಇಂಗ್ಲಿಷಿನ ಪರೀಕ್ಷೆ. ಬೆಂಗಳೂರಿನ ಎಂಜಿನಿಯರುಗಳು ಬರೆಯುವಂಥದ್ದು. ಮೊದಲ ಪಾಠ ತೆರೆದೆ, ಒಂದು ಪುಟ ಓದುವಷ್ಟರಲ್ಲಿ ಮೂರು ಸಲ ಮೊದಲಿಂದ ಶುರು ಮಾಡಿ ಲ್ಯಾಪ್‌ಟಾಪ್ ಮುಚ್ಚಿದೆ. ನನ್ನಿಂದಾಗುತ್ತಾ? ಈ ವಯಸ್ಸಿನಲ್ಲಿ? ಫೇಲಾದರೆ ಕೌಂಟರಿನ ಹುಡುಗಿಯರು ಮುಸಿಮುಸಿ ನಗುವುದಿಲ್ಲವಾ? ಹೀಗೇ ಒಂದು ತಿಂಗಳು ಹಾಳು ಮಾಡಿದೆ.

ಲ್ಯಾಬ್ ಟೆಕ್ನಿಷಿಯನ್ ಶಾಹಿನಾ ನನ್ನ ಜೊತೆ ಊಟಕ್ಕೆ ಕೂರುತ್ತಿದ್ದಳು. ಮದ್ದೂರಿನವಳು, ಬಾಯಿಗೆ ಬೀಗವಿಲ್ಲ. ಒಂದು ದಿನ ನನ್ನ ಗೋಳು ಕೇಳಿ ಕೇಳಿ ರೇಗಿದಳು. "ಓದಕ್ಕೆ ಮುಂಚೆನೇ ಫೇಲ್ ಆಗ್ಬುಟ್ಟಿದ್ದೀಯಲ್ಲೇ! ಇಲ್ಲಿ ನೆಟ್‌ವರ್ಕ್ ಸ್ವಿಚ್ಚು ಸತ್ತೋದ್ರೆ ಎದ್ದೇಳ್ಸೋರು ಯಾರು? ಪುಸ್ತಕದಲ್ಲಿರೋದೂ ಅದೇ ಸ್ವಿಚ್ಚು ಕಣೇ. ಇಂಗ್ಲಿಷ್ ಬಟ್ಟೆ ಹಾಕ್ಕೊಂಡದೆ, ಅಷ್ಟೇ."

ಅವಳ ಬಾಯಿಗೆ ಹೆದರಿ ಮತ್ತೆ ತೆರೆದೆ. ಕೆಲವು ಪಾಠ ದಾಟಿದ ಮೇಲೆ ಒಂದು ಜಾಗಕ್ಕೆ ಬಂದೆ. ಒಂದೇ ಕೇಬಲಿನ ಎರಡೂ ತುದಿಯನ್ನು ಒಂದೇ ಸ್ವಿಚ್ಚಿಗೆ, ಅಂದರೆ ಕೇಬಲುಗಳೆಲ್ಲ ಬಂದು ಸೇರುವ ಪೆಟ್ಟಿಗೆಗೆ, ಚುಚ್ಚಿದರೆ ಇಡೀ ನೆಟ್‌ವರ್ಕ್ ಹೇಗೆ ಕುಸಿಯುತ್ತದೆ ಎಂದು ಚಿತ್ರ ಬರೆದು ವಿವರಿಸಿದ್ದರು. ಅಯ್ಯೋ, ಇದು ನಮ್ಮ ಮೂರನೇ ವಾರ್ಡಿನ ಕಥೆ! ಹಿಂದೊಮ್ಮೆ ನರ್ಸೊಬ್ಬಳು ನೇತಾಡುತ್ತಿದ್ದ ತುದಿ ಚೆಂದ ಕಾಣುವುದಿಲ್ಲವೆಂದು ಖಾಲಿಯಿದ್ದ ತೂತಿಗೆ ಚುಚ್ಚಿದ್ದಳು. ಆಸ್ಪತ್ರೆ ಪೂರ್ತಿ ಸ್ತಬ್ಧ. ಬೆಳಗಿನಿಂದ ಹುಡುಕಿ ಹುಡುಕಿ ಕಂಡುಹಿಡಿದವಳು ನಾನು. ಅವತ್ತು ಯಾರೂ ಅದನ್ನು ದೊಡ್ಡ ಕೆಲಸ ಅನ್ನಲಿಲ್ಲ, ನಾನೂ ಅಂದುಕೊಂಡಿರಲಿಲ್ಲ. ಅದಕ್ಕೊಂದು ಹೆಸರಿದೆ, ಪರಿಹಾರವಿದೆ, ಅದನ್ನು ಪರೀಕ್ಷೆಯಲ್ಲಿ ಕೇಳುತ್ತಾರೆ ಎಂದು ಗೊತ್ತಾದಾಗ ಕಣ್ಣಲ್ಲಿ ನೀರು ಬಂತು. ನನ್ನ ಕೈಗೆ ಗೊತ್ತಿದ್ದದ್ದು ತಲೆಗೆ ಗೊತ್ತಿರಲಿಲ್ಲ.

ಅವತ್ತಿನಿಂದ ಹಿಡಿದೆ ನೋಡಿ. ಬಸ್ಸಿನಲ್ಲಿ ಓದಿದೆ, ಊಟದ ಹೊತ್ತಿನಲ್ಲಿ ಓದಿದೆ. ಮುದ್ದೆ ತಿರುವುತ್ತಾ ಬಾಯಲ್ಲಿ ಅಂಕಿ ಹೇಳಿಕೊಂಡೆ. ನಮ್ಮತ್ತೆ ಜಯಮ್ಮ ಒಲೆಯ ಪಕ್ಕ ಕೂತು ನೋಡುತ್ತಿದ್ದರು. "ಅದ್ಯಾವ್ ಮಂತ್ರ ಕಣವ್ವ? ದೇವ್ರ ಹೆಸ್ರು ಒಂದೂ ಇಲ್ವಲ್ಲ" ಅಂದರು. ಪರೀಕ್ಷೆ ಅಂದೆ. "ಇನ್ನೂ ಪರೀಕ್ಷೆ ಮುಗ್ದಿಲ್ವಾ ನಿಂದು? ನಿನ್ ಮಗಳು ಬರಿಯೋ ಕಾಲ ಬಂತು" ಅಂದರು. ಆದರೆ ಮಾರನೆಯ ದಿನದಿಂದ ಬೆಳಗಿನ ಪಾತ್ರೆಗಳನ್ನು ನಾನು ಏಳುವ ಮೊದಲೇ ತೊಳೆದಿಟ್ಟಿರುತ್ತಿದ್ದರು.

ಯಜಮಾನರ ವಿಷಯ ಹೇಳಬೇಕು. ಶಂಕರ ಅಂದರೆ ಊರಿಗೆಲ್ಲ ಬೇಕಾದವರು. ವಿ.ಸಿ. ಫಾರಂ ರಸ್ತೆಯಲ್ಲಿ ಗೊಬ್ಬರದ ಅಂಗಡಿ. ಯಾರ ಮನೆಯ ಮದುವೆಗೂ ಚಪ್ಪರಕ್ಕೆ ಮೊದಲು ಇವರೇ, ಸಾವಿಗೂ ಹೆಗಲು ಮೊದಲು ಇವರದೇ. ಯಾರಿಗೂ ಇಲ್ಲ ಅಂದವರಲ್ಲ. ನನಗೂ ಇಲ್ಲ ಅನ್ನಲಿಲ್ಲ. "ಬರಿ ಬುಡು, ಅದಕ್ಕೇನು. ಬಂದ್ರೆ ಬತ್ತದೆ, ಇಲ್ದಿದ್ರೆ ಇಲ್ಲ" ಅಂದರು. ಆಗ ಅದನ್ನು ಪ್ರೋತ್ಸಾಹ ಅಂದುಕೊಂಡಿದ್ದೆ.

ಮೈಸೂರಿನ ಪರೀಕ್ಷಾ ಕೇಂದ್ರದಲ್ಲಿ ಯುಗಾದಿಯೊಳಗೆ ಜಾಗವಿರಲಿಲ್ಲ. ಮನೆಯಲ್ಲೇ ಕೂತು ಬರೆಯಬಹುದಿತ್ತು, ಆದರೆ ಷರತ್ತುಗಳೋ! ಕ್ಯಾಮೆರಾ ಮುಂದೆ ಒಬ್ಬಳೇ ಕೂರಬೇಕು. ಗೋಡೆ ಬೋಳಾಗಿರಬೇಕು. ಮಾತಾಡಬಾರದು. ದೂರದಲ್ಲೆಲ್ಲೋ ಕೂತವರು ನೋಡುತ್ತಿರುತ್ತಾರೆ. ಯಾರಾದರೂ ಒಳಗೆ ಕಾಲಿಟ್ಟರೆ ಪರೀಕ್ಷೆ ರದ್ದು. ಶಿವರಾತ್ರಿ ಕಳೆದ ಮೇಲಿನ ಒಂದು ಗುರುವಾರ ಹಿಡಿದೆ, ಆಸ್ಪತ್ರೆಗೆ ರಜಾ ಹಾಕಿದೆ.

ಕಬ್ಬು ಕಡಿಯುವ ಕಾಲ. ತಲೆಯೆತ್ತರಕ್ಕೂ ಮೇಲೆ ಕಬ್ಬು ಹೇರಿಕೊಂಡು ಬರುವ ಟ್ರ್ಯಾಕ್ಟರುಗಳು ಬೀದಿಯಲ್ಲಿ ಇಂಟರ್‌ನೆಟ್ ಕೇಬಲನ್ನು ಹರಿದುಕೊಂಡು ಹೋಗುತ್ತಿದ್ದವು. ಮೂರು ದಿನ ಮುಂಚೆಯೇ ಕೇಬಲಿನವನನ್ನು ಕರೆಸಿ ಮೇಲಕ್ಕೆ ಕಟ್ಟಿಸಿದೆ. ಲೈನ್‌ಮನ್‌ಗೆ ಫೋನ್ ಮಾಡಿ ಅವತ್ತು ಕರೆಂಟು ತೆಗೆಯುತ್ತೀರಾ ಎಂದು ಕೇಳಿದೆ. ಭತ್ತದ ಮೂಟೆ ಇಡುವ ಕೋಣೆ ಖಾಲಿ ಮಾಡಿದೆ. ಗೋಡೆಯ ದೇವರ ಫೋಟೋಗಳನ್ನು ಇಳಿಸುವಾಗ ಅತ್ತೆ ಕೆನ್ನೆ ಬಡಿದುಕೊಂಡರು. "ದೇವ್ರು ಕಾಪಿ ಹೊಡ್ಸ್‌ತಾನಾ? ಅವನನ್ಯಾಕೆ ಇಳುಸ್ಬೇಕು?" ಅಂದರು. ನಗುತ್ತಾ ಫೋಟೋಗಳನ್ನು ಅವರ ಕೈಗೇ ಕೊಟ್ಟೆ.

ಹಳೆಯ ಮನೆ. ಆ ಕೋಣೆಗೆ ಒಳಗೆ ಚಿಲಕವಿಲ್ಲ, ಹೊರಗೆ ಮಾತ್ರ. ಯಜಮಾನರು, "ನಾನ್ ಇದ್ದೀನಲ್ಲ, ಹೊರಗಿಂದ ಚಿಲ್ಕ ಹಾಕ್ಕಂಡು ಬಾಗ್ಲಲ್ಲೇ ಕುಂತಿರ್ತೀನಿ. ಒಂದು ನೊಣಾನೂ ಒಳಗ್ ಬುಡಕಿಲ್ಲ" ಅಂದರು. ಅಂಗಡಿ ಬಾಗಿಲು ಕೂಡ ತೆರೆಯಲಿಲ್ಲ ಅವತ್ತು. ಎಷ್ಟು ಖುಷಿಯಾಗಿತ್ತು ನನಗೆ.

ಶುರುವಾಯಿತು. ಮೊದಲ ಎರಡು ಪ್ರಶ್ನೆಯನ್ನು ಎರಡೆರಡು ಸಲ ಓದಿದೆ. ಮೂರನೆಯದು ಓದಿದ ಕೂಡಲೇ ಅರ್ಥವಾಯಿತು. ಆಮೇಲೆ ಒಂದರ ಹಿಂದೊಂದು. ಕೆಲವಕ್ಕೆ ಉತ್ತರ ಪುಸ್ತಕದಿಂದ ಬಂತು, ಕೆಲವಕ್ಕೆ ವಾರ್ಡಿನಿಂದ ಬಂತು. ಇಂಗ್ಲಿಷು ಅಡ್ಡ ಬರುವುದನ್ನೇ ನಿಲ್ಲಿಸಿತ್ತು. ನನಗೆ ಬರ್ತಾ ಇದೆ, ಬರ್ತಾ ಇದೆ ಎಂದುಕೊಳ್ಳುತ್ತಾ ಮುಂದಿನ ಪ್ರಶ್ನೆ ಒತ್ತುತ್ತಿದ್ದೆ. ಅಷ್ಟು ಸಂತೋಷ ನನಗೆ ಓದಿನಲ್ಲಿ ಯಾವತ್ತೂ ಆಗಿರಲಿಲ್ಲ. ಅರ್ಧ ದಾಟಿದ್ದೆ.

ಹೊರಗೆ ಚಿಲಕ ತೆಗೆದ ಸದ್ದಾಯಿತು.

"ಓಹೋಹೋ, ಇಲ್ಲವ್ಳೆ ಕಣವ್ವ ನಮ್ ಸೊಸೆ! ಕತ್ಲೆ ಕೋಣೇಲಿ ಕುಂತವ್ಳೆ!" ಕೊಕ್ಕರೆ ಬೆಳ್ಳೂರಿನ ಚಿಕ್ಕತಾಯಮ್ಮ, ನಮ್ಮ ಯಜಮಾನರ ಸೋದರತ್ತೆ. ಹಿಂದೆ ಅವರ ಸೊಸೆ, ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಅರಿಶಿನ ಕುಂಕುಮ, ಚಿಕ್ಕತಾಯಮ್ಮನ ಕಿರಿಯ ಮಗನ ಮದುವೆಯ ಲಗ್ನಪತ್ರಿಕೆ. ಬಾಗಿಲಲ್ಲಿ ನಮ್ಮ ಯಜಮಾನರು ಹಲ್ಲು ಬಿಟ್ಟುಕೊಂಡು ನಿಂತಿದ್ದರು. ಮಾತಾಡುವಂತಿಲ್ಲವಲ್ಲ! ತಿರುಗಿ ನೋಡುವಂತಿಲ್ಲವಲ್ಲ! ಪರದೆಯನ್ನೇ ದಿಟ್ಟಿಸುತ್ತಾ ಕೂತೆ. ಆಕೆ ಪಕ್ಕಕ್ಕೇ ಬಂದು, ಗಲ್ಲ ಹಿಡಿದು ಮುಖ ತಿರುಗಿಸಿ ಹಣೆಗೆ ಕುಂಕುಮ ಇಟ್ಟರು. "ಎಲ್ರೂ ಬರ್ಬೇಕು ಕಣವ್ವ, ಮದ್ವೆಗ್ ಮುಂಚಿನ ದೇವರೂಟಕ್ಕೇ ಬಂದ್ಬುಡಿ" ಅಂದರು. ಕ್ಯಾಮೆರಾದ ಮುಂದೆ ಬಳೆ ತುಂಬಿದ ನಾಲ್ಕು ಕೈ. ಪ್ರಶ್ನೆ ಮಾಯವಾಗಿ, ನಿಮ್ಮ ಪರೀಕ್ಷೆ ರದ್ದಾಗಿದೆ ಎಂದು ಇಂಗ್ಲಿಷಿನಲ್ಲಿ ಬಂತು. ಅದನ್ನು ಓದಲು ನನಗೆ ಒಂದು ಸಲ ಸಾಕಾಯಿತು.

ನಾನೇನು ಮಾಡಿದೆ ಹೇಳಲಾ? ಎದ್ದು, ಸೆರಗು ಸರಿಮಾಡಿಕೊಂಡು, ಅವರ ಕಾಲಿಗೆ ಬಿದ್ದೆ. ದೊಡ್ಡವರು ಕುಂಕುಮ ಇಟ್ಟರೆ ಕಾಲಿಗೆ ಬೀಳಬೇಕು. ಬಿದ್ದೆ. ಆಮೇಲೆ ಕಾಫಿ ಮಾಡಿಕೊಟ್ಟೆ.

ಅವರು ಹೋದ ಮೇಲೆ ಅಡುಗೆಮನೆಯಲ್ಲಿ ಅತ್ತೆಯ ಮೇಲೆ ಹರಿಹಾಯ್ದೆ. ನೀವಾದರೂ ತಡೆಯಬಾರದಿತ್ತೇ, ನೀವೇ ಪತ್ರಿಕೆ ತಗೊಂಡು ಕಳಿಸಬಾರದಿತ್ತೇ ಅಂದೆ. ಅತ್ತೆ ಲೋಟ ತೊಳೆಯುವುದನ್ನು ನಿಲ್ಲಿಸಲಿಲ್ಲ. "ಕೇಳ್ದೆ ಕಣವ್ವ. ನಾನ್ ಇಸ್ಕತೀನಿ ಕೊಡಿ ಅಂದೆ. ನನ್ ಕೈಗೆ ಯಾರ್ ಕೊಟ್ಟಾರು?" ಅಂದರು. ಮಾವ ತೀರಿಕೊಂಡು ಹತ್ತು ವರ್ಷದ ಮೇಲಾಗಿತ್ತು. ನಮ್ಮ ಕಡೆ ಲಗ್ನಪತ್ರಿಕೆಯನ್ನು ಮನೆಯ ಮುತ್ತೈದೆಗೆ ಕುಂಕುಮ ಇಟ್ಟು ಕೈಯಲ್ಲೇ ಕೊಡಬೇಕು, ಇಲ್ಲವಾದರೆ ಕರೆದಂತಲ್ಲ. ತನ್ನ ಸ್ವಂತ ಮನೆಯಲ್ಲಿ ಆಕೆ ಲೆಕ್ಕಕ್ಕಿಲ್ಲದವರು. ಅವರ ನಾದಿನಿಯೇ ಅವರನ್ನು ಹಾಗೆ ದಾಟಿಕೊಂಡು ಒಳಗೆ ನುಗ್ಗಿದ್ದರು. ನಾನು ಪಕ್ಕದಲ್ಲಿ ನಿಂತು ತೊಳೆದ ಲೋಟ ಒರೆಸತೊಡಗಿದೆ.

ಯಜಮಾನರಿಗೆ ಅದೊಂದು ವಿಷಯವೇ ಅಲ್ಲ. "ಸ್ವಾದ್ರತ್ತೆ ಬಾಗ್ಲಿಗೆ ಬಂದವ್ಳೆ, ನಿಲ್ಲು ಅನ್ನಕ್ಕಾಯ್ತದಾ? ಒಂದ್ ನಿಮ್ಸದ್ ಕೆಲ್ಸ ಅಂದ್ಕಂಡೆ. ಮತ್ತೆ ಬರುದ್ರಾಯ್ತು ಬುಡು."

ಮತ್ತೆ ಎಲ್ಲಿ ಬರೆಯುವುದು? ಪರೀಕ್ಷೆ ನಡೆಸುವವರಿಗೆ ಪತ್ರ ಬರೆದೆ, ನಮ್ಮಲ್ಲಿ ಹೀಗೊಂದು ಪದ್ಧತಿ ಎಂದು ನನಗೆ ಬಂದ ಇಂಗ್ಲಿಷಿನಲ್ಲಿ ವಿವರಿಸಿದೆ. ಬಹಳ ಮರ್ಯಾದೆಯಿಂದ, ನಿಯಮ ನಿಯಮವೇ, ರದ್ದಾದವರು ಕೆಲವು ತಿಂಗಳು ಕಾಯಲೇಬೇಕು ಅಂದರು. ಯುಗಾದಿ ಬಂತು. ಹೊಸ ಬ್ಲಾಕಿಗೆ ಟೇಪು ಕತ್ತರಿಸಿದರು. ಹೊರಗಿನಿಂದ ಒಬ್ಬ ಇನ್‌ಚಾರ್ಜ್ ಬಂದ, ಒಳ್ಳೆಯವನೇ ಪಾಪ. ಯಾವ ಕೇಬಲ್ ಎಲ್ಲಿಂದ ಎಲ್ಲಿಗೆ ಎಂದು ಒಂದು ವಾರ ಅವನ ಹಿಂದೆ ಓಡಾಡಿ ಹೇಳಿಕೊಟ್ಟೆ. "ನೀವಿಲ್ಲದಿದ್ರೆ ಕಷ್ಟ ಇತ್ತು ಮೇಡಂ" ಅಂದ. ಶಾಹಿನಾ ಊಟದ ಡಬ್ಬಿ ಮುಚ್ಚಿ ಎದ್ದು ಹೋದಳು, ಅವಳಿಗೆ ನೋಡಲಾಗಲಿಲ್ಲ. ನನ್ನೊಳಗಿನ ಹಳೆಯ ದನಿ ಮತ್ತೆ ಶುರುವಾಯಿತು. ಇದೆಲ್ಲ ನಿನ್ನಂಥವಳಿಗಲ್ಲ ಅಂತ ಮೊದಲೇ ಹೇಳಿರಲಿಲ್ಲವಾ ಅಂತ. ಪುಸ್ತಕ ಮುಟ್ಟುವುದನ್ನು ಬಿಟ್ಟೆ.

ಮದುವೆ ಮದ್ದೂರಿನ ಛತ್ರದಲ್ಲಿ. ನಾನು ಬರುವುದಿಲ್ಲ ಅಂದೆ. "ಕುಂಕುಮ ಇಸ್ಕಂಡು ಹೋಗ್ದಿದ್ರೆ ಏನಂದ್ಕಂಡಾರು?" ಅಂದರು ಯಜಮಾನರು. ಹೋದೆ. ಬಿಸಿಲೆಂದರೆ ಬಿಸಿಲು, ಛತ್ರದ ಫ್ಯಾನುಗಳೆಲ್ಲ ಬಿಸಿ ಗಾಳಿ ಬೀಸುತ್ತಿದ್ದವು. ಊಟಕ್ಕೆ ಕೂತಾಗ ಚಿಕ್ಕತಾಯಮ್ಮ ತಾವೇ ಬಂದು ಎಲೆಗೆ ಇನ್ನೊಂದು ಒಬ್ಬಟ್ಟು ಬಡಿಸಿ ಪಕ್ಕದಲ್ಲಿ ಕುಕ್ಕರಿಸಿದರು. ನಿಜವಾದ ಪ್ರೀತಿಯೇ. ಅದರಲ್ಲಿ ಕಪಟವಿರಲಿಲ್ಲ.

"ನೀನೆಲ್ ಬತ್ತಿಯೋ ಇಲ್ವೋ ಅಂದ್ಕಂಡಿದ್ದೆ ಕಣವ್ವ. ನಿನ್ ಕೈಗೆ ಪತ್ರಿಕೆ ಕೊಡೋದೇ ಒಂದ್ ಸಾಹಸ ಆಗೋಯ್ತು! ಎರಡ್ ಸಲ ನಿಮ್ಮೂರಿಗೆ ಬಂದು ವಾಪಸ್ ಹೋದೊ. ಯಾವಾಗ್ಲೂ ಡೂಟಿ ಡೂಟಿ. ಕೊನೇಗೆ ಸಂಕ್ರನ್ನೇ ಕೇಳ್ದೆ, ಯಾವತ್ತಪ್ಪ ಸಿಕ್ತಾಳೆ ನಿನ್ ಹೆಂಡ್ತಿ ಅಂತ. ಗುರುವಾರ ರಜಾ ಹಾಕವ್ಳೆ ಅತ್ತೆ, ಮನೇಲೇ ಇರ್ತಾಳೆ, ಅವತ್ತೇ ಬಾ ಅಂದ."

ಅವರು ಬಡಿಸಿದ ಒಬ್ಬಟ್ಟನ್ನು ಎಲೆಯ ಅಂಚಿಗೆ ಸರಿಸಿದೆ.

ನಮ್ಮ ಯಜಮಾನರೇ ಕರೆದಿದ್ದರು. ಹೊಟ್ಟೆಕಿಚ್ಚಿನಿಂದ ಅಲ್ಲ. ಹೆಂಡತಿ ಮುಂದೆ ಬರಬಾರದು ಎಂದೂ ಅಲ್ಲ. ಹಾಗಿದ್ದರೆ ಜಗಳವಾಡಿ, ಅತ್ತು, ಯಾವತ್ತೋ ಒಂದು ದಿನ ಮರೆತೂ ಬಿಡುತ್ತಿದ್ದೆ. ನಾನು ತಿಂಗಳುಗಟ್ಟಲೆ ಬಸ್ಸಿನಲ್ಲಿ, ಒಲೆ ಮುಂದೆ, ಬ್ಯಾಟರಿ ವಾಸನೆಯಲ್ಲಿ ಕೂತು ಓದಿದ್ದನ್ನು ಕಣ್ಣಾರೆ ನೋಡಿದ ಮನುಷ್ಯನಿಗೆ ಅವತ್ತು ಕಂಡದ್ದು ಒಂದೇ: ಇವಳಿಗೆ ರಜಾ, ಮನೆಯಲ್ಲಿ ಸಿಗುತ್ತಾಳೆ. ಬಾಗಿಲಲ್ಲಿ ಕೂತದ್ದು ನನ್ನನ್ನು ಕಾಯಲಿಕ್ಕೂ ಹೌದು, ಚಿಕ್ಕತಾಯಮ್ಮನನ್ನು ಕಾಯಲಿಕ್ಕೂ ಹೌದು. ಎರಡೂ ಒಂದಕ್ಕೊಂದು ಅಡ್ಡ ಬರುತ್ತವೆ ಎಂಬುದು ಅವರಿಗೆ ಹೊಳೆದೇ ಇರಲಿಲ್ಲ. ನನ್ನ ಪರೀಕ್ಷೆಗೆ ಅಷ್ಟೇ ತೂಕ.

ವಾಪಸ್ ಬರುವಾಗ ಬೈಕಿನಲ್ಲಿ ದಾರಿಯುದ್ದಕ್ಕೂ ಊಟದ ವರ್ಣನೆ. ಸಾರು ಚೆನ್ನಾಗಿತ್ತಂತೆ, ಪಲಾವಿಗೆ ಉಪ್ಪು ಕಮ್ಮಿಯಂತೆ. ಹೂಂ ಅನ್ನುತ್ತಾ ಕೂತಿದ್ದೆ. ನಾಲೆಯ ಏರಿ ಬರುವಷ್ಟರಲ್ಲಿ ಒಂದು ವಿಷಯ ಗೊತ್ತಾಯಿತು. ನನ್ನಿಂದಾಗುತ್ತಾ ಎಂದು ಇಷ್ಟು ದಿನ ಕೊರೆಯುತ್ತಿದ್ದ ಪ್ರಶ್ನೆ ಇಲ್ಲ. ಎಲ್ಲಿ ಹುಡುಕಿದರೂ ಇಲ್ಲ. ಅರ್ಧ ಪರೀಕ್ಷೆಯವರೆಗೆ ನಾನು ಗೆಲ್ಲುತ್ತಿದ್ದೆ, ಸೋತದ್ದು ನಾನಲ್ಲ. ಧೈರ್ಯ ಬಂತು ಎಂದು ಹೇಳಿದರೆ ಸುಳ್ಳಾಗುತ್ತದೆ. ಬಂದದ್ದು ಸಿಟ್ಟು. ಆದರೆ ಓದಿಸುವುದರಲ್ಲಿ ಅದೇನೂ ಕಡಿಮೆಯದಲ್ಲ.

ಮುಂಗಾರಿನ ಮೊದಲ ಮಳೆ ಬಿದ್ದ ವಾರ ಮೈಸೂರಿನ ಕೇಂದ್ರದಲ್ಲಿ ಜಾಗ ಸಿಕ್ಕಿತು. ಮನೆಯಲ್ಲಿ ಡ್ಯೂಟಿ ಅಂದೆ. ಎಂದಿನಂತೆ ಬುತ್ತಿ ಕಟ್ಟಿಕೊಂಡು, ಐಡಿ ಕಾರ್ಡು ಕೊರಳಿಗೆ ಹಾಕಿಕೊಂಡು ಮಂಡ್ಯಕ್ಕೆ ಬಂದು ರೈಲು ಹತ್ತಿದೆ. ಅಲ್ಲಿ ಬಾಗಿಲಿಗೆ ಗಾಜು, ಹೊರಗೆ ಕಾವಲಿನವನು. ಯಾರ ಅತ್ತೆಯೂ ಬರಲಿಲ್ಲ. ಪಾಸಾದೆ. ಮೈಸೂರು ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಯಾರಿಗೆ ಹೇಳಲಿ ಎಂದು ಯೋಚಿಸಿದೆ. ಶಾಹಿನಾಗೆ ಫೋನ್ ಮಾಡಿದೆ, ಅವಳು ಕಿರುಚಿದ್ದು ಪಕ್ಕದಲ್ಲಿ ಕೂತವರಿಗೂ ಕೇಳಿಸಿತು. ಆಮೇಲೆ ಬುತ್ತಿ ಬಿಚ್ಚಿ ಒಬ್ಬಳೇ ಉಂಡೆ. ಸಂತೋಷವಾಗಿರಲಿಲ್ಲ ಎಂದಲ್ಲ. ಆದರೆ ಅರ್ಧ ದಾಟಿದಾಗಿನ ಆ ಗುರುವಾರದ ಸಂತೋಷ ಇರಲಿಲ್ಲ. ಅದು ಮತ್ತೆ ಬರಲೂ ಇಲ್ಲ.

ಇನ್‌ಚಾರ್ಜ್ ಕುರ್ಚಿ ನನಗೆ ಸಿಗಲಿಲ್ಲ, ಅದರಲ್ಲಿ ಆಗಲೇ ಒಬ್ಬರು ಕೂತಿದ್ದರಲ್ಲ. ಮ್ಯಾನೇಜರು ನನ್ನ ಫೋಟೋ ನೋಟಿಸ್ ಬೋರ್ಡಿಗೆ ಹಾಕಿ ಅಭಿನಂದನೆ ಅಂದರು, ಅಷ್ಟೇ. ಮುಂದಿನ ವರ್ಷ ಅಲ್ಲಿಂದ ಬಿಟ್ಟೆ. ಈಗ ಬೇರೆ ಕಡೆ ಕೆಲಸ, ಹುದ್ದೆಯ ಹೆಸರೂ ಮಾಡುವ ಕೆಲಸವೂ ಒಂದೇ. ಅದಾದ ಮೇಲೆ ಇನ್ನೂ ಎರಡು ಸರ್ಟಿಫಿಕೇಟ್ ಪರೀಕ್ಷೆ ಬರೆದೆ. ಹೆಂಡತೀನ ನಾನೇ ಓದಿಸಿದ್ದು ಎಂದು ಯಜಮಾನರು ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಾರೆ. ಹೇಳಿಕೊಳ್ಳಲಿ.

ಮೊದಲನೆಯದು ಪಾಸಾದದ್ದು ಅವರಿಗೆ ಗೊತ್ತಾದದ್ದು ಆ ನೋಟಿಸ್ ಬೋರ್ಡಿನಿಂದ. ಯಾರನ್ನೋ ಆಸ್ಪತ್ರೆಗೆ ಸೇರಿಸಲು ಬಂದಿದ್ದರು, ಫೋಟೋ ನೋಡಿದರು. ಸಂಜೆ ಮನೆಗೆ ಬಂದಾಗ ಮುಖ ಊದಿಸಿಕೊಂಡಿದ್ದರು. ಅತ್ತೆ ಸೊಪ್ಪು ಬಿಡಿಸುತ್ತಾ ಕೂತಿದ್ದರು.

"ನಂಗ್ಯಾಕ್ ಹೇಳ್ನಿಲ್ಲ? ಊರೋರ್ ಬಾಯಲ್ಲಿ ಕೇಳ್ಬೇಕಾ ನಾನು? ಹೇಳಿದ್ರೆ ನಾನೂ ಬತ್ತಿರ್ನಿಲ್ವಾ?"

"ಬಂದು ಏನ್ ಮಾಡ್ತಿದ್ರಿ?" ಅಂದೆ.

"ಬಾಗ್ಲಲ್ಲಿ ಕುಂತಿರ್ತಿದ್ದೆ."

"ಅದಕ್ಕೇ ಹೇಳಲಿಲ್ಲ."

ಅವರಿಗೆ ಅರ್ಥವಾಗಲಿಲ್ಲ. ನನ್ನ ಮುಖ ನೋಡಿದರು, ಅವರ ಅಮ್ಮನ ಮುಖ ನೋಡಿದರು. ಅತ್ತೆ ತಲೆಯೆತ್ತಲಿಲ್ಲ, ಸೊಪ್ಪು ಬಿಡಿಸುತ್ತಲೇ ಇದ್ದರು.